ಇಪ್ಪತ್ತಮೂರನೆಯ ನಡೆ

ಇಚಲಕರಂಜಿ
೨೪ ನವೆಂಬರ್ ೨೦೨೪

ಜಿನಗೊಂಡ ಮಾಸ್ತರ,

ನನ್ನ ಕೈಯಿಂದ ಕಾಗದ ಬರೆಸುವ ಹಟ ನಿನಗೇಕೆ ಹಿಡಿಯಿತೋ ತಿಳಿಯದು. ದತ್ತವಾಡದ ಕನ್ನಡ ಶಾಲೆಯಲ್ಲಿ ಇಬ್ಬರೂ ಒಂದೇ ಗೋಣಿತಟ್ಟಿನ ಮೇಲೆ ಕೂತೆವು, ನಿಜ. ನಾನು ನಾಲ್ಕನೆಯ ಇಯತ್ತೆಯ ನಡುವೆಯೇ ಎದ್ದು ಇಚಲಕರಂಜಿಯ ಮಗ್ಗಕ್ಕೆ ಬಂದೆ. ನೀನು ಕೂತೇ ಇದ್ದೆ, ಮಾಸ್ತರನಾಗಿ ರಿಟೈರ್ ಆಗುವ ತನಕ ಕೂತೆ. ಬರೆಯುವ ಕೆಲಸ ನಿನ್ನದು. ನನಗೆ ನಾಲ್ಕು ಸಾಲು ಬರೆಯಲು ಎರಡು ಕಪ್ ಚಹಾ ಖರ್ಚಾಗುತ್ತದೆ.

ಫೋನಿನಲ್ಲಿ ಮುಗಿಸೋಣವೆಂದರೆ ನನ್ನ ಕಿವಿ ಹೋಗಿದೆ. ನಲವತ್ತೆರಡು ವರ್ಷ ಜಾಬರ್ ಕೆಲಸ. ಕೆಟ್ಟ ಮಗ್ಗ ಸರಿಮಾಡುತ್ತ ಆ ಸದ್ದಿನ ಹೊಟ್ಟೆಯೊಳಗೇ ನಿಂತಿದ್ದೆ. ಮೊನ್ನೆ ನೀನು ಫೋನಿನಲ್ಲಿ ಏನೋ ಒದರಿದೆ. ನಾನು ಹೌದು ಹೌದು ಅಂದೆ. ನನ್ನ ಹೆಂಡತಿ ರಂಗುಬಾಯಿ ಸೆರಗು ಬಾಯಿಗಿಟ್ಟು ನಕ್ಕಳು. "ಮಾಸ್ತರು ನಿಮಗ ಬಯ್ಯಾಕತ್ತಾರ, ನೀವು ಹೌದ್ರಿ ಹೌದ್ರಿ ಅನ್ನಾಕತ್ತೀರಿ" ಅಂದಳು. ಅದಕ್ಕೆ ಈ ಕಾಗದ.

ವಿಷಯ ಇಷ್ಟೇ. ನನ್ನ ಮೊಮ್ಮಗಳು ಪ್ರಣಾಲಿ ಬುದ್ಧಿಬಳ, ನಿನ್ನ ಪುಸ್ತಕದ ಚದುರಂಗ, ಬಿಟ್ಟಳು. ಕಾರಣ ನೀನು.

ಮೇ ತಿಂಗಳ ಸೂಟಿಯಲ್ಲಿ ಹದಿನೈದು ದಿನ ಗಡಹಿಂಗ್ಲಜದ ನಿನ್ನ ಮನೆಗೆ ಕಳಿಸಿದೆ. ಒಂದಿಷ್ಟು ಆಟ ಕಲಿತು ಬರಲಿ ಎಂದು ಕಳಿಸಿದರೆ ನೀನು ಆ ಹಳೆಯ ಪುಸ್ತಕ ತೆಗೆದು ಅದೊಂದೇ ಆಟ ತಲೆಗೆ ತುಂಬಿದೆ. ೧೮೫೧ರಲ್ಲಿ ಲಂಡನ್ನಿನಲ್ಲಿ ಆಡಿದ್ದಂತೆ. ಜರ್ಮನಿಯವನೊಬ್ಬ ಒಂಟೆ ಕೊಟ್ಟನಂತೆ, ಎರಡೂ ಆನೆ ಕೊಟ್ಟನಂತೆ, ಕಡೆಗೆ ವಜೀರನನ್ನೇ ಕೊಟ್ಟನಂತೆ (ಓದಿದವರು ನೀವು ರಾಣಿ ಎನ್ನುತ್ತೀರಿ), ಉಳಿದ ಮೂರು ಕಾಯಿಗಳಿಂದ ಮಾತ್ ಮಾಡಿ ಗೆದ್ದನಂತೆ. ಮನೆಯ ಸಾಮಾನೆಲ್ಲ ಹಂಚಿ ಬಿಟ್ಟವನನ್ನು ಜಾಣ ಎನ್ನುವವರು ನಿಮ್ಮ ಪುಸ್ತಕದವರೇ ಇರಬೇಕು.

ನವೆಂಬರ್ ಹತ್ತಕ್ಕೆ ಕೊಲ್ಹಾಪುರದಲ್ಲಿ ಸ್ಪರ್ಧೆ ಇತ್ತು. ದೀಪಾವಳಿ ಸೂಟಿಗೆ ಅವಳು ಇಲ್ಲೇ ಇದ್ದಳು, ನಾನೇ ಕರೆದುಕೊಂಡು ಹೋದೆ. ಕಡೆಯ ಆಟ ಹರ್ಷದ ಎಂಬ ಹುಡುಗನ ಮೇಲೆ. ಗೆದ್ದಿದ್ದರೆ ಜಿಲ್ಲೆಯ ತಂಡಕ್ಕೆ ಹೋಗುತ್ತಿದ್ದಳು. ಅವಳು ನಿನ್ನ ಜರ್ಮನಿಯವನ ಹಾಗೆ ಕೊಡಲು ಶುರುಮಾಡಿದಳು. ಒಂಟೆ ಹೋಯಿತು, ಆನೆ ಹೋಯಿತು, ಎರಡನೆಯ ಆನೆಯೂ ಹೋಯಿತು. ಆಟವೂ ಹೋಯಿತು.

ಊರಿಗೆ ಬರುವ ಬಸ್ಸಿನಲ್ಲಿ, ಹಾತಕಣಂಗಲೆ ದಾಟಿದ ಮೇಲೆ ಬಾಯಿ ಅಲುಗಿಸಿದಳು. ನನಗೆ ಕೇಳಿಸಲಿಲ್ಲ. ಟಿಕೀಟಿನ ಹಿಂದೆ ಬರೆದು ಕೊಟ್ಟಳು: "ಅಜ್ಜಾ, ನಾ ಇನ್ನ ಆಡಂಗಿಲ್ಲ." ಈಗ ಕೊಲ್ಹಾಪುರದಲ್ಲಿ ಅವಳ ತಾಯಿಯ ಕಡೆಯ ಮಾವಶಿ ವೃಷಾಲಿಯ ಮನೆಯಲ್ಲಿದ್ದುಕೊಂಡು ಹನ್ನೊಂದನೆಯ ಇಯತ್ತೆ ಓದುತ್ತಿದ್ದಾಳೆ. ಹಲಗೆ, ಕಾಯಿ ಎಲ್ಲ ನಮ್ಮ ಮಾಳಿಗೆಯ ಮೇಲೆ ಬಿದ್ದಿವೆ.

ಆರು ವರ್ಷದವಳಿದ್ದಾಗಿನಿಂದ ನಾನು ಆಡಿಸಿ ಬೆಳೆಸಿದ ಹುಡುಗಿ. ಹತ್ತು ವರ್ಷದ ಕೆಲಸವನ್ನು ನೀನು ಹದಿನೈದು ದಿನದಲ್ಲಿ ಕೆಡಿಸಿದೆ. ಇದಕ್ಕೇನು ಹೇಳುತ್ತೀ, ಬರೆ.

ಗಣಪತ


ಗಡಹಿಂಗ್ಲಜ
೬ ಡಿಸೆಂಬರ್ ೨೦೨೪

ಗಣಪಾ,

ನಿನ್ನ ಕಾಗದದಲ್ಲಿ ಬೈಗುಳ ತೆಗೆದರೆ ಉಳಿಯುವುದು ಮೂರು ಸಾಲು. ಅವನ್ನು ನಾಲ್ಕು ಸಲ ಓದಿದೆ. ನಿನ್ನ ಅಕ್ಷರ ಮಾತ್ರ ಮೂರನೆಯ ಇಯತ್ತೆಯಲ್ಲಿ ಇದ್ದಷ್ಟೇ ಚೆಂದ ಇದೆ. ಅಂದೂ ನೀನು ಸಿಟ್ಟಿನಲ್ಲಿದ್ದಾಗ ಪಾಟಿಯ ಮೇಲೆ ಬಳಪ ಮುರಿಯುವಷ್ಟು ಒತ್ತಿ ಬರೆಯುತ್ತಿದ್ದೆ.

ಪ್ರಣಾಲಿ ಬಿಟ್ಟಳೆಂದು ಕೇಳಿ ನನಗೂ ಊಟ ಸೇರಲಿಲ್ಲ. ಆದರೆ ಆ ಆಟ ಕಲಿಸಿದ್ದು ತಪ್ಪೆಂದು ಒಪ್ಪುವುದಿಲ್ಲ. ನೀನು ಅದನ್ನು ಹಲಗೆಯ ಮೇಲೆ ಒಮ್ಮೆಯೂ ಹಚ್ಚಿ ನೋಡಿದವನಲ್ಲ, ಬರೀ ಲೆಕ್ಕ ಹಿಡಿದೆ: ಇಷ್ಟು ಹೋಯಿತು, ಅಷ್ಟು ಹೋಯಿತು. ಹೋದದ್ದನ್ನು ಬಿಡು, ಉಳಿದದ್ದು ಎಲ್ಲಿ ನಿಂತಿದೆ ನೋಡು. ಕರಿಯವನ ವಜೀರ ಆನೆ ತಿನ್ನುವ ಆಸೆಗೆ ದೂರದ ಮೂಲೆಗೆ ಹೋಗಿ ಕೂತಿದೆ. ಅವನ ಆನೆಗಳು ಆಟದ ಮೊದಲ ದಿನದ ಹಾಗೆ ಮನೆಯಲ್ಲೇ ಮಲಗಿವೆ. ರಾಜನನ್ನು ಉಳಿಸುವವರು ಒಬ್ಬರೂ ಇಲ್ಲ. ಬಿಳಿಯವನ ಹತ್ತಿರ ಉಳಿದದ್ದು ಕಡಿಮೆ, ಆದರೆ ಅಷ್ಟೂ ರಾಜನ ಬಾಗಿಲಲ್ಲೇ ಇದೆ. ಮೂರೇ ನಡೆ: ಕುದುರೆಯಿಂದ ರಾಜನಿಗೆ ಶಹ್, ವಜೀರನ ಬಲಿ, ಒಂಟೆಯಿಂದ ಮಾತ್. ಅವನು ಕೊಟ್ಟದ್ದು ಸಾಮಾನನ್ನು. ಕೊಂಡದ್ದು ಹೊತ್ತನ್ನು.

ಕುದುರೆ ಶಹ್ ಕೊಡುವ ಹೊತ್ತಿನ ಹಲಗೆಯನ್ನು ಹಿಂದಿನ ಪುಟದಲ್ಲಿ ಬರೆದಿದ್ದೇನೆ. ಕಾಯಿಗಳ ಹೆಸರಿನ ಮೊದಲ ಅಕ್ಷರ ಕನ್ನಡದಲ್ಲೇ ಹಾಕಿದ್ದೇನೆ. ಕಾಯಿ ಇಟ್ಟು ನೋಡು. ಆಮೇಲೆ ಬೈಯಿ.

ನನಗೆ ತೋಚುವುದು ಬೇರೆ. ಹದಿನಾರರ ವಯಸ್ಸು, ಸೋತ ನಾಚಿಕೆ ಇರಬಹುದು, ಹುಡುಗನ ಎದುರು ಸೋತದ್ದು ಇನ್ನಷ್ಟು ಚುಚ್ಚಿರಬಹುದು. ಒಂದು ತಿಂಗಳು ಹೋದರೆ ತಾನೇ ಮಾಳಿಗೆ ಹತ್ತಿ ಹಲಗೆ ಇಳಿಸುತ್ತಾಳೆ. ಆಡುವಾಗ ನಡೆಗಳನ್ನು ಬರೆಯುವ ಹಾಳೆ ಇರುತ್ತದಲ್ಲ, ಅದು ನಿನ್ನ ಹತ್ತಿರ ಇದ್ದರೆ ಝೆರಾಕ್ಸ್ ಮಾಡಿಸಿ ಕಳಿಸು. ಎಲ್ಲಿ ತಪ್ಪಿದಳೋ ನೋಡೋಣ.

ಇನ್ನೊಂದು ಮಾತು. ಅವಳು ಆಡುವಾಗ ನೀನು ಎಲ್ಲಿ ನಿಂತಿದ್ದೆ? ಏನು ಕಂಡೆ? ಅದನ್ನೇ ನೀನು ಬರೆದಿಲ್ಲ.

ಜಿನಗೊಂಡ


ಇಚಲಕರಂಜಿ
೨೦ ಡಿಸೆಂಬರ್ ೨೦೨೪

ಮಾಸ್ತರ,

ಎಲ್ಲಿ ನಿಂತಿದ್ದೆ ಎಂದು ಕೇಳಲು ನೀನೇನು ಫೌಜದಾರನೇ? ಜನ ನಿಲ್ಲುವ ಕಡೆ ನಿಂತಿದ್ದೆ. ಹಗ್ಗ ಕಟ್ಟಿದ್ದರು, ಹಗ್ಗದ ಆಚೆ.

ಹಾಳೆಯ ಝೆರಾಕ್ಸ್ ಇಟ್ಟಿದ್ದೇನೆ. ಅವಳು ಅದನ್ನು ಕೊಲ್ಹಾಪುರದ ಸ್ಟ್ಯಾಂಡಿನಲ್ಲಿ ಕಸದ ಡಬ್ಬಿಗೆ ಹಾಕಿದ್ದಳು. ನಾನು ನೀರು ಕುಡಿಯುವ ನೆವ ಹೇಳಿ ಹಿಂದೆ ಹೋಗಿ ತೆಗೆದೆ. ಅದರ ಮೇಲಿನ ಇಂಗ್ಲಿಷ್ ಅಕ್ಷರ ನನಗೆ ತಿಳಿಯುವುದಿಲ್ಲ, ತಿಳಿಯಬೇಕೆಂಬ ಆಸೆಯೂ ಇಲ್ಲ.

ನಿನ್ನ ಹಲಗೆಯನ್ನು ಮಾತ್ರ ಹಚ್ಚಿ ನೋಡಿದೆ. ನೀನು ಅಷ್ಟು ಹೊಗಳಿ ಬರೆದೆ ಎಂದು ಮಾಳಿಗೆಯಿಂದ ಹಲಗೆ ಇಳಿಸಿ, ಧೂಳು ಜಾಡಿಸಿ ಕಾಯಿ ಇಟ್ಟೆ. ಒಂದೇ ನೋಟಕ್ಕೆ ನಿನ್ನ ಜರ್ಮನಿಯವನ ಬಂಡವಾಳ ಗೊತ್ತಾಯಿತು. ನೂರಾ ಎಪ್ಪತ್ತು ವರ್ಷ ನೀವೆಲ್ಲ ಅದನ್ನು ತಲೆಯ ಮೇಲೆ ಹೊತ್ತು ತಿರುಗುತ್ತಿದ್ದೀರಲ್ಲ, ನಾಚಿಕೆಯಾಗಬೇಕು.

ಬಿಳಿಯವನು ಕುದುರೆಯಿಂದ ಶಹ್ ಕೊಡುತ್ತಾನೆ, ಸರಿ. ಕರಿಯ ರಾಜ ಏಕೆ ಪಕ್ಕದ ಮನೆಗೆ ಸರಿಯಬೇಕು? ಅವನು ಆ ತನಕ ಒಂದು ಸಲವೂ ಅಲುಗಿಲ್ಲ, ಅವನ ಜಿಗಿತ ಬಾಕಿ ಇದೆ. ನಮ್ಮ ದತ್ತವಾಡದ ಕಟ್ಟೆಯ ಆಟ ಮರೆತೆಯಾ? ಆಟಕ್ಕೊಂದು ಸಲ, ಮೊದಲ ಶಹ್ ಬಿದ್ದಾಗ, ರಾಜ ಕುದುರೆಯ ಹಾಗೆ ಜಿಗಿಯಬಹುದು. ನಾಲ್ಕು ಮನೆ ಇವೆ. ಯಾವುದಕ್ಕಾದರೂ ಜಿಗಿಯಲಿ. ಆಮೇಲೆ ನಿನ್ನ ಜರ್ಮನಿಯವನು ಆನೆ ಎರಡೂ ಇಲ್ಲ, ಒಂಟೆ ಒಂದೇ ಎಂದು ಬಾಯಿ ಬಡಿದುಕೊಂಡು ಕೂರಬೇಕು.

ಪ್ರಣಾಲಿಯ ಆಟದಲ್ಲೂ ಇದೇ ಆದದ್ದು. ನಾನು ಅಲ್ಲೇ, ಆ ಕ್ಷಣಕ್ಕೇ ಕಂಡೆ: ಎಲ್ಲ ಕೊಟ್ಟುಬಿಟ್ಟಳು, ರಾಜ ಜಿಗಿದು ಹೋಗುತ್ತಾನೆ, ಹುಡುಗಿ ಕೆಟ್ಟಳು ಎಂದು.

ನನ್ನ ಕೆಲಸದಲ್ಲಿ ಒಂದು ಎಳೆ ಹರಿದರೆ ಮಗ್ಗ ನಿಲ್ಲಿಸಿ ಗಂಟು ಹಾಕಿ ಮುಂದೆ ಹೋಗುತ್ತೇವೆ. ಎಳೆ ಹರಿದು ಹರಿದು ಸೀರೆ ನೇಯುತ್ತೇನೆ ಎನ್ನುವವನನ್ನು ಶೆಡ್ಡಿನ ಒಳಗೇ ಬಿಡುವುದಿಲ್ಲ. ನೀನು ಅವನನ್ನು ನನ್ನ ಮೊಮ್ಮಗಳಿಗೆ ಗುರು ಮಾಡಿದೆ.

ತಪ್ಪಾಯಿತು ಎಂದು ಎರಡು ಸಾಲು ಬರೆದರೆ ಸಾಕು. ಉದ್ದ ಪಾಠ ಬೇಡ.

ಗಣಪತ


ಗಡಹಿಂಗ್ಲಜ
೩ ಜನವರಿ ೨೦೨೫

ಗಣಪಾ,

ತಪ್ಪಾಯಿತು ಎಂದು ಬರೆಯಲು ಕೂತಿದ್ದೆ. ಹಾಳೆ ನೋಡಿದ ಮೇಲೆ ಕೈ ನಿಂತಿತು.

ಮೊದಲು ರಾಜನ ಜಿಗಿತ. ಅದು ನಮ್ಮ ಕಟ್ಟೆಯ ನಿಯಮ. ಲಂಡನ್ನಿನಲ್ಲಿ ಇರಲಿಲ್ಲ, ಕೊಲ್ಹಾಪುರದ ಸ್ಪರ್ಧೆಯಲ್ಲೂ ಇಲ್ಲ. ನಿನಗೆ ಇದು ಗೊತ್ತು. ಅವಳು ಹತ್ತು ವರ್ಷದವಳಿದ್ದಾಗ ನನ್ನ ಎದುರೇ ನಿನಗೆ ಹೇಳಿದ್ದಳು: "ಅಜ್ಜಾ, ಖರೆ ಆಟದಾಗ ರಾಜಾ ಜಿಗಿಯಂಗಿಲ್ಲ." ನೀನೇನು ಅಂದೆ? "ನಿನ್ನ ಖರೆ ಆಟ ನಿನ್ನ ಕಡೆ ಇರ್ಲಿ, ನನ್ನ ಮನ್ಯಾಗ ರಾಜಾ ಜಿಗೀತಾನ." ಆ ಹುಡುಗಿ ನಿನ್ನ ಎದುರು ಒಂದು ಆಟ, ಹೊರಗೆ ಒಂದು ಆಟ ಎಂದು ಎರಡನ್ನೂ ಕಲಿತಳು. ನೀನು ಮಾತ್ರ ಒಂದರಲ್ಲೇ ಉಳಿದೆ.

ಇನ್ನು ಹಾಳೆ. ಎರಡು ದಿನ ಅದನ್ನು ಹಲಗೆಯ ಮೇಲೆ ಹಚ್ಚಿ ನೋಡಿದೆ. ತಪ್ಪು ಹುಡುಕಲು ಹೊರಟವನು ನಾನು. ಇಪ್ಪತ್ತೆರಡು ನಡೆಗಳಲ್ಲಿ ಒಂದೂ ತಪ್ಪು ಸಿಗಲಿಲ್ಲ. ಹರ್ಷದ ಎರಡನೆಯ ಆನೆಯನ್ನು ತಿಂದ ಹೊತ್ತಿಗೆ ಅವನ ಆಟ ಮುಗಿದಿತ್ತು. ಮೂರೇ ನಡೆ ಬಾಕಿ; ಕುದುರೆ, ವಜೀರ, ಒಂಟೆ, ಆ ಹಳೆಯ ಆಟದ ಹಾಗೆಯೇ. ಅವಳಿಗೂ ಅದು ಗೊತ್ತಿತ್ತು. ಗೊತ್ತಿಲ್ಲದವಳು ಆನೆಯನ್ನು ಹಾಗೆ ಬಿಟ್ಟುಕೊಡುವುದಿಲ್ಲ.

ಇಪ್ಪತ್ತಮೂರರ ಮುಂದೆ ಖಾಲಿ ಇದೆ, ಗಣಪಾ. ತಪ್ಪು ನಡೆಯೂ ಇಲ್ಲ. ಪೆನ್ನಿನ ತುದಿ ಒತ್ತಿದ ಚುಕ್ಕೆಗಳಿವೆ, ಬಹಳ ಇವೆ. ಕೆಳಗೆ ಪಂಚರು ಮರಾಠಿಯಲ್ಲಿ ಬರೆದಿದ್ದಾರೆ: ವೇಳೆ ಮುಗಿದು ಸೋಲು. ಪ್ರತಿ ನಡೆಯ ಪಕ್ಕದಲ್ಲಿ ಅವಳು ತನ್ನ ಪಾಲಿನ ಗಡಿಯಾರದಲ್ಲಿ ಉಳಿದ ನಿಮಿಷಗಳನ್ನೂ ಬರೆದಿದ್ದಾಳೆ. ಇಪ್ಪತ್ತೆರಡರ ಪಕ್ಕದಲ್ಲಿ ಹನ್ನೊಂದು ಇದೆ. ಹನ್ನೊಂದು ನಿಮಿಷ, ಗೆದ್ದ ಆಟದ ಮುಂದೆ, ಗಡಿಯಾರ ಸಾಯುವ ತನಕ ಸುಮ್ಮನೆ ಕೂತಳು.

ಏಕೆ? ನೀನು ಅಲ್ಲಿದ್ದೆ. ಇದನ್ನು ನೀನು ಒಂದು ಸಾಲಿನಲ್ಲೂ ಬರೆಯಲಿಲ್ಲ. ಅವಳು ಸೋತಳು ಎಂದೆ, ಹೇಗೆ ಸೋತಳು ಎಂದು ಹೇಳಲಿಲ್ಲ. ನಾನು ಪ್ರಣಾಲಿಗೇ ಬರೆದು ಕೇಳಿದ್ದೇನೆ.

ಜಿನಗೊಂಡ


ಇಚಲಕರಂಜಿ
೮ ಜನವರಿ ೨೦೨೫

ಮಾಸ್ತರ,

ಕಾರ್ಡು ಬರೆಯುತ್ತಿದ್ದೇನೆ, ನಿನಗೆ ಇಷ್ಟು ಸಾಕು. ನನ್ನ ಮೊಮ್ಮಗಳಿಗೆ ಕಾಗದ ಬರೆಯಲು ನಿನಗೆ ಯಾರು ಹೇಳಿದರು? ಹುಡುಗಿಗೆ ಪರೀಕ್ಷೆ ಇದೆ. ಗಡಿಯಾರ ಮುಗಿದರೆ ಅದು ಗಡಿಯಾರದ ಮಾತು, ನಾನೇನು ಅದಕ್ಕೆ ಕೀಲಿ ಕೊಟ್ಟಿದ್ದೆನೇ? ನೀನು ಕಲಿಸಿದ್ದು ಕೈಕೊಟ್ಟಿತು, ಈಗ ಹಾಳೆಯ ಮೇಲಿನ ಚುಕ್ಕೆ ಎಣಿಸುತ್ತ ಕೂತಿದ್ದೀ. ಇನ್ನು ಮೇಲೆ ಈ ವಿಷಯ ಬರೆಯಬೇಡ. ನನಗೂ ಬರೆಯಬೇಡ, ಅವಳಿಗೂ ಬರೆಯಬೇಡ.

ಗಣಪತ


ಗಡಹಿಂಗ್ಲಜ
೧೨ ಫೆಬ್ರವರಿ ೨೦೨೫

ಗಣಪಾ,

ಬರೆಯಬೇಡ ಎಂದೆ. ಒಂದು ತಿಂಗಳು ಸುಮ್ಮನಿದ್ದೆ. ನಿನ್ನೆ ಪ್ರಣಾಲಿಯ ಉತ್ತರ ಬಂತು, ಇನ್ನು ಸುಮ್ಮನಿರಲಾರೆ. ಮರಾಠಿಯಲ್ಲಿ ಎರಡು ಸಾಲು ಬರೆದು ಆಮೇಲೆ ಕನ್ನಡಕ್ಕೆ ಹೊರಳಿದ್ದಾಳೆ, ಮಾತಾಡಿದ ಹಾಗೆಯೇ ಬರೆದಿದ್ದಾಳೆ. ನಿನಗೆ ಹೇಳಬಾರದು ಎಂದಿದ್ದಾಳೆ. ಹುಡುಗಿಯ ಮಾತು ಮೀರುತ್ತಿದ್ದೇನೆ, ಆ ಪಾಪ ನನ್ನದೇ ಇರಲಿ. ಅವಳ ಮಾತನ್ನು ಹಾಗೇ ಇಳಿಸುತ್ತೇನೆ:

"ಮಾಸ್ತರ ಅಜ್ಜಾರ, ನಾ ಕುದುರಿ ಎತ್ತಾಕ ಕೈ ಚಾಚಿದ್ದೆ. ಹಿಂದ ಅಜ್ಜಾ 'ಚ್ಚ್' ಅಂದ್ರು. ಬ್ಯಾರೆ ಯಾರಿಗೂ ತಿಳೀಲಿಲ್ಲ, ಪಂಚರೂ ತೆಲಿ ಎತ್ತಲಿಲ್ಲ. ನಾ ಸಣ್ಣಾಕಿ ಇದ್ದಾಗಿಂದ ತಪ್ಪ ಆಡಾಕ ಹೋದ್ರ ಅಜ್ಜಾ ಹಂಗ ಅಂತಿದ್ರು. ಒಮ್ಮೀನೂ ಸುಳ್ಳ ಆಗಿಲ್ಲರಿ. ಅಲ್ಲೇನೋ ಐತಿ ಅಂತ ಕೈ ಹಿಂದ ತಗೊಂಡು ಹುಡುಕಿದೆ. ಹುಡುಕೂದರಾಗ ಟೈಮ್ ಹೋತು. ಈಗೂ ದಿನಾ ಆ ಆಟ ಮನಸ್ಸಿನ್ಯಾಗ ಹಚ್ಚಿ ನೋಡ್ತೇನಿ. ಅಜ್ಜಾಗ ಕಂಡಿದ್ದು ನನಗ ಕಾಣವಲ್ದು. ದೂರ ನಿಂತವರಿಗೆ ಒಂದ ಗಳಿಗ್ಯಾಗ ಕಂಡಿದ್ದು ಕುಂತು ಆಡಾಕಿಗೆ ಮೂರು ತಿಂಗಳಾದ್ರೂ ಕಾಣವಲ್ದಂದ್ರ ನಾ ಯಾಕ ಆಡ್ಲಿ? ಅಜ್ಜಾಗ ಹೇಳಬ್ಯಾಡ್ರಿ. ಮನಸ್ಸಿಗೆ ಹಚ್ಕೋತಾರ."

ಓದಿದೆಯಾ? ನನ್ನ ಊಹೆ ಪೂರ್ತಿ ತಪ್ಪಿತ್ತು. ನಾಚಿಕೆಯೂ ಅಲ್ಲ, ಹುಡುಗನ ಎದುರು ಸೋತದ್ದೂ ಅಲ್ಲ. ನಿನಗೆ ಕಂಡದ್ದು ತನಗೆ ಕಾಣುವುದಿಲ್ಲ ಎಂದು ಬಿಟ್ಟಿದ್ದಾಳೆ. ನಿನಗೆ ಕಂಡದ್ದೇನು ಎಂಬುದನ್ನು ನೀನು ಡಿಸೆಂಬರಿನ ಕಾಗದದಲ್ಲಿ ನನಗೆ ಬರೆದೇ ಬಿಟ್ಟಿದ್ದೀ. ಅಲ್ಲಿ ಇಲ್ಲದ ಜಿಗಿತ.

ಆ 'ಚ್ಚ್' ನನಗೆ ಅರವತ್ತು ವರ್ಷದಿಂದ ಗೊತ್ತು. ದತ್ತವಾಡದ ಕಟ್ಟೆಯ ಮೇಲೆ ಅದಕ್ಕೆ ಹೆದರಿ ನಾನೇ ಎಷ್ಟು ಸಲ ಎತ್ತಿದ ಕಾಯಿ ಇಳಿಸಿಲ್ಲ?

ಎರಡು ಮಾತು ಹೇಳಿ ಮುಗಿಸುತ್ತೇನೆ. ಒಂದು: ಅವಳ ಹಲಗೆಯನ್ನು ಹಿಂದಿನ ಪುಟದಲ್ಲಿ ಬರೆದಿದ್ದೇನೆ. ಕುದುರೆ ಎತ್ತಿ ಶಹ್ ಕೊಡು. ಆಮೇಲೆ ನಿನ್ನ ರಾಜನನ್ನು ನಮ್ಮ ಕಟ್ಟೆಯ ನಿಯಮದಂತೆಯೇ ಜಿಗಿಸು. ನಾಲ್ಕು ಮನೆ ಎಂದೆಯಲ್ಲ, ನಾಲ್ಕನ್ನೂ ಮುಟ್ಟಿ ನೋಡು. ಏನಿದೆ ಎಂದು ನಾನು ಹೇಳುವುದಿಲ್ಲ. ಎರಡು: ಲಂಡನ್ನಿನ ಆ ಆಟ ಇಂದಿಗೂ ಉಳಿದದ್ದು ಹೇಗೆ ಗೊತ್ತೇ? ಅದನ್ನು ಪತ್ರಿಕೆಯಲ್ಲಿ ಹಾಕಿದವನು ಸೋತವನು. ಕೂತು, ನಡೆ ನಡೆಯನ್ನೂ ಬರೆದು, ತಾನು ಹೇಗೆ ಕೆಟ್ಟೆನೆಂದು ತಾನೇ ಅಚ್ಚು ಹಾಕಿಸಿದ. ಅವನಿಗೂ ಬರೆಯಲು ಬೇಸರ ಬಂದಿರಬಹುದು.

ಮುಂದಿನ ಸ್ಪರ್ಧೆಗೆ ಹೆಸರು ಕೊಡುವುದು ಏಪ್ರಿಲ್ ಐದಕ್ಕೆ ಮುಗಿಯುತ್ತದೆ. ನನ್ನ ಕಾಗದದಿಂದ ಅವಳು ಬರುವುದಿಲ್ಲ.

ಜಿನಗೊಂಡ


ಇಚಲಕರಂಜಿ
೧೬ ಮಾರ್ಚ್ ೨೦೨೫

ಜಿನಗೊಂಡಾ,

ತಿಂಗಳು ದಾಟಿತು, ಗೊತ್ತಿದೆ. ಎಣಿಸಿ ತೋರಿಸಬೇಡ.

ಹೌದು. 'ಚ್ಚ್' ಅಂದೆ.

ಅಂದದ್ದು ನನಗೆ ಆ ದಿನವೇ ಗೊತ್ತಿತ್ತು. ಮಗ್ಗದ ಶೆಡ್ಡಿನಲ್ಲಿ ದಿನಕ್ಕೆ ನೂರು ಸಲ ಹಾಗೆ ಅನ್ನುತ್ತಿದ್ದೆ, ಅಲ್ಲಿ ಯಾರಿಗೆ ಕೇಳಬೇಕು? ನನಗೇ ಕೇಳುತ್ತಿರಲಿಲ್ಲ. ಈ ಕೆಟ್ಟ ಕಿವಿಗೆ ಆ ಸದ್ದು ಬಾಯೊಳಗಿನ ಎಳ್ಳಿನಷ್ಟು. ಹೊರಗೆ ಎಷ್ಟಿತ್ತೋ ತಿಳಿಯಲಿಲ್ಲ. ಆದರೆ ಅವಳ ಕತ್ತು ಅರ್ಧ ತಿರುಗಿತು, ಜಡೆ ಅಲುಗಿತು, ಚಾಚಿದ ಕೈ ಹಿಂದೆ ಬಂತು. ಅದನ್ನು ಈ ಕಣ್ಣಿನಿಂದ ಕಂಡೆ. ಕಣ್ಣಿಗೇನೂ ಆಗಿಲ್ಲ ನೋಡು. ಕಂಡೂ ನಿನಗೆ ಬೈಯುತ್ತ ನಾಲ್ಕು ತಿಂಗಳು ಕಳೆದೆ.

ಜಿಗಿತ ಅಲ್ಲಿಲ್ಲ ಎಂದು ನನಗೆ ಗೊತ್ತಿಲ್ಲವೆಂದಲ್ಲ. ಗೊತ್ತಿತ್ತು. ಆ ಗಳಿಗೆಯಲ್ಲಿ ಅರವತ್ತು ವರ್ಷದ ಆಟ ನಾಲಗೆಗೆ ಬಂತು, ಆರು ವರ್ಷದ ಹಿಂದೆ ಅವಳು ಹೇಳಿದ್ದು ಬರಲಿಲ್ಲ.

ನೀನು ಬರೆದ ಹಲಗೆಯನ್ನು ಮೊನ್ನೆ ಹಚ್ಚಿದೆ. ಒಂದು ತಿಂಗಳು ಅದನ್ನು ದೇವರ ಮಾಡದಲ್ಲಿ ಮಡಚಿ ಇಟ್ಟಿದ್ದೆ. ರಾಜನನ್ನು ಎತ್ತಿ ಮೊದಲನೆಯ ಮನೆಗೆ ಜಿಗಿಸಿದೆ, ಅಲ್ಲಿ ಅವಳ ಒಂಟೆ ಕೂತಿದೆ. ಎರಡನೆಯದರಲ್ಲಿ ಶಹ್ ಕೊಟ್ಟ ಕುದುರೆಯೇ ಕೂತಿದೆ. ಜಿಗಿಯುವ ರಾಜ ಹೊಡೆಯುವಂತಿಲ್ಲ, ಅದು ನಮ್ಮ ಕಟ್ಟೆಯದೇ ನಿಯಮ. ಉಳಿದ ಎರಡು ಮನೆ ಖಾಲಿ ಇವೆ ಎಂದು ನಾನು ಕುಣಿಯುವ ಮೊದಲೇ ನಡುವೆ ನಿಂತ ಅವಳ ಇನ್ನೊಂದು ಕುದುರೆ ಕಂಡಿತು. ಎರಡೂ ಮನೆಯನ್ನು ಅದೊಂದೇ ಕಾಯುತ್ತಿದೆ. ಲಂಡನ್ನಿನ ಆಟವನ್ನೂ ಮತ್ತೊಮ್ಮೆ ಹಚ್ಚಿದೆ. ಅಲ್ಲೂ ಅದೇ. ರಾಜನನ್ನು ಕೈಯಲ್ಲಿ ಹಿಡಿದು ಎಷ್ಟು ಹೊತ್ತು ಕೂತೆನೋ ತಿಳಿಯದು, ಇಡಲು ಮನೆ ಸಿಗಲಿಲ್ಲ.

ನನ್ನ ನಿಯಮದಲ್ಲೂ ಅವಳು ಗೆದ್ದಿದ್ದಳು.

ರಂಗುಬಾಯಿ ಬಂದು ನಿಂತಳು. "ಆ ಆಟದ ಮಣಿ ಮುಂದ ಎಷ್ಟೊತ್ತ ಕುಂದರ್ತೀರಿ? ರೊಟ್ಟಿ ಆರಿ ಹಪ್ಪಳ ಆಗ್ಯಾವು." ಎಲ್ಲ ಹೇಳಿದೆ ಅವಳಿಗೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದರೆ ನನಗೆ ಉತ್ತರ ಕೊಡಲು ಬರುತ್ತದೆ. ಅವಳು ತಾಟು ಮುಂದೆ ಇಟ್ಟು, "ನಾಲಗೀಲೆ ಮಾಡೀರಿ, ಕೈಲೆ ಸರಿ ಮಾಡ್ರಿ. ಉಂಡು ಬರೀರಿ, ಹಸದ ಬರದ್ರ ಮತ್ತ ಅಕಿಗೂ ಬೈತೀರಿ" ಅಂದಳು.

ನಿನ್ನ ಆಟವನ್ನು ಬೈದದ್ದಕ್ಕೆ ತಪ್ಪಾಯಿತು. ನಿನ್ನನ್ನು ಬೈದದ್ದಕ್ಕೆ ಇಲ್ಲ. ನೀನು ಕಾಗದ ಬರೆಸಿದೆ, ಅದಕ್ಕೆ ಅಷ್ಟು ಬೈಗುಳ ಸಲ್ಲಬೇಕು. ಅವಳಿಗೆ ನಾಳೆ ಬರೆಯುತ್ತೇನೆ. ನೀನು ನಡುವೆ ಬಾಯಿ ಹಾಕಬೇಡ.

ಗಣಪತ


ಇಚಲಕರಂಜಿ
೧೭ ಮಾರ್ಚ್ ೨೦೨೫

ಪ್ರಣಾಲಿ,

ಇದನ್ನು ನಿನ್ನ ಮಾವಶಿಯ ಕೈಗೆ ಕೊಡಬೇಡ, ನೀನೇ ಓದು. ಕನ್ನಡ ಅಕ್ಷರ ನಾನೇ ಕಲಿಸಿದ್ದು. ತೊಡಕಿದರೆ ಬಾಯಿಬಿಟ್ಟು ಓದು, ತಿಳಿಯುತ್ತದೆ. ನನ್ನ ಅಕ್ಷರ ನೋಡಿ ನಗಬೇಡ. ಈ ಚಳಿಗಾಲದಲ್ಲಿ ನಾನು ಬರೆದಷ್ಟು ನನ್ನ ಇಡೀ ಆಯುಷ್ಯದಲ್ಲಿ ಬರೆದಿಲ್ಲ, ಅದೆಲ್ಲ ನಿನ್ನ ದೆಸೆಯಿಂದ.

ಮಾಸ್ತರ ನಿನ್ನ ಮಾತು ಮೀರಿ ನನಗೆ ಹೇಳಿದ. ಅವನ ಮೇಲೆ ಸಿಟ್ಟಾಗು, ಅಡ್ಡಿಯಿಲ್ಲ.

ನವೆಂಬರ್ ಹತ್ತರಂದು ನನಗೆ ಏನು ಕಂಡಿತು ಎಂದು ತಾನೇ ನೀನು ದಿನವೂ ಹುಡುಕುತ್ತಿರುವುದು? ಏನೂ ಕಂಡಿರಲಿಲ್ಲ. ಹುಡುಕುವುದು ನಿಲ್ಲಿಸು. ನಿನ್ನ ಅಜ್ಜ ಹಗ್ಗದ ಆಚೆ ನಿಂತು, ಹರ್ಷದನ ರಾಜ ದತ್ತವಾಡದ ರಾಜನ ಹಾಗೆ ಜಿಗಿದು ಹೋಗುತ್ತಾನೆ ಎಂದು ತಿಳಿದ. ತಿಳಿದು ನಾಲಗೆ ಹೊಡೆದ. ಇಷ್ಟೇ. ಇದರಲ್ಲಿ ನಿನಗೆ ಕಾಣಬೇಕಾದದ್ದು ಒಂದೂ ಇಲ್ಲ. ಮೊನ್ನೆ ಹಲಗೆ ಹಚ್ಚಿ ರಾಜನನ್ನು ನಾಲ್ಕೂ ಕಡೆ ಜಿಗಿಸಿ ನೋಡಿದೆ. ನನ್ನ ನಿಯಮದಲ್ಲೂ ಅವನಿಗೆ ಜಾಗ ಇರಲಿಲ್ಲ. ನೀನು ಬಾಗಿಲೆಲ್ಲ ಮುಚ್ಚಿಟ್ಟಿದ್ದೆ. ನಾನು ನೋಡದೆ ಅಂದೆ.

'ಚ್ಚ್' ಒಮ್ಮೆಯೂ ಸುಳ್ಳಾಗಿಲ್ಲ ಎಂದು ಬರೆದಿದ್ದೀಯಂತೆ. ಅದೂ ತಪ್ಪು. ನೀನು ಎಂಟು ವರ್ಷದವಳಿದ್ದಾಗ ಮೂರು ಸಲ ಸುಳ್ಳಾಗಿದೆ, ನಾನೇ ಎಣಿಸಿದ್ದೇನೆ. ಪ್ರತಿ ಸಲ ನೀನು ಕೈ ಹಿಂದೆ ತಗೊಂಡು ಬೇರೆ ನಡೆ ಆಡಿ ಸೋತೆ. ನಾನು ಗೆದ್ದು ಸುಮ್ಮನೆ ಚಹಾ ಕುಡಿದೆ. ಅಂದೇ ಹೇಳಬೇಕಿತ್ತು. ಸಣ್ಣ ಹುಡುಗಿಯ ಎದುರು ತಪ್ಪು ಎಂದು ಹೇಳಲು ಬಾಯಿ ಬರಲಿಲ್ಲ.

ಬಸ್ಸಿನಲ್ಲಿ ನೀನು ಬರೆದುಕೊಟ್ಟ ಟಿಕೀಟು ನನ್ನ ಕಿಸೆಯಲ್ಲೇ ಇದೆ. ಆಗ ನನ್ನ ಹತ್ತಿರ ಪೆನ್ನಿರಲಿಲ್ಲ. ಇದ್ದಿದ್ದರೂ ಬರೆಯುತ್ತಿದ್ದೆನೋ ಇಲ್ಲವೋ.

ಮಾಸ್ತರನಿಗೆ ಹೇಳಿದೆಯಂತೆ, ಅಜ್ಜಾಗ ಹೇಳಬ್ಯಾಡ್ರಿ, ಮನಸ್ಸಿಗೆ ಹಚ್ಕೋತಾರ ಎಂದು. ಯಾರು ಹೇಳಿದರು ನಿನಗೆ ನನ್ನನ್ನು ಕಾಯಲು? ನಿನ್ನ ಆಟ ಕೊಟ್ಟು ನನ್ನ ಮುಖ ಉಳಿಸುವ ಬಲಿ, ಇದೊಂದೇ ನಿನ್ನ ಆಟದಲ್ಲಿ ತಪ್ಪಿದ್ದು. ಹಲಗೆಯ ಮೇಲೆ ಆನೆ ಕೊಡು, ವಜೀರ ಕೊಡು, ಗೆಲ್ಲುವುದಕ್ಕೆ ಏನು ಬೇಕಾದರೂ ಕೊಡು. ಮುದುಕನ ನಾಲಗೆಗೆ ಏನನ್ನೂ ಕೊಡಬೇಡ.

ಮುಂದಿನ ಸಲ ನಾನು ಒಳಗೆ ಬರುವುದಿಲ್ಲ. ಗೇಟಿನ ಹತ್ತಿರ ಚಹಾದ ಗಾಡಿ ಇದೆಯಲ್ಲ, ಅಲ್ಲಿ ಬಾಯಿಗೆ ಅಡಿಕೆ ಹಾಕಿಕೊಂಡು ನಿಲ್ಲುತ್ತೇನೆ. ನಿನ್ನ ಅಜ್ಜಿ ಕಾವಲು ಇರುತ್ತಾಳೆ, ಈಗಲೇ ಹೇಳಿಬಿಟ್ಟಿದ್ದಾಳೆ.

ನೀನು ಕಸದ ಡಬ್ಬಿಗೆ ಹಾಕಿದ ಹಾಳೆ ಇದರ ಜೊತೆಗಿದೆ. ನಾನು ತೆಗೆದಿಟ್ಟಿದ್ದೆ. ಇಪ್ಪತ್ತಮೂರರ ಮುಂದೆ ಖಾಲಿ ಇದೆ. ಅಂದು ಕೈ ಚಾಚಿದ್ದೆಯಲ್ಲ, ಆ ನಡೆ ಅಲ್ಲಿ ಬರೆ. ಅದರ ಕೆಳಗೆ ಉಳಿದ ಎರಡನ್ನೂ ಬರೆ. ಪಂಚರು ಬರೆದದ್ದು ಹಾಗೇ ಇರಲಿ, ಅಳಿಸಬೇಡ. ಏಪ್ರಿಲ್ ಐದಕ್ಕೆ ಹೆಸರು ಕೊಡುವುದು ಮುಗಿಯುತ್ತದೆ. ಕೊಡುತ್ತೀಯೋ ಇಲ್ಲವೋ ಎಂದು ನಾನು ಕೇಳುವುದಿಲ್ಲ, ಅದು ನಿನ್ನ ನಡೆ. ಹಾಳೆ ಮಾತ್ರ ಮಾರ್ಚ್ ಇಪ್ಪತ್ತೊಂಬತ್ತು, ಶನಿವಾರದ ಟಪಾಲಿಗೆ ನನ್ನ ಕೈಗೆ ಬರಬೇಕು. ತುಂಬಿ ಬರಬೇಕು.

ನಿನ್ನ ಅಜ್ಜ
ಗಣಪತ